ಜರೂರತ್ತೋ ದಿಮಾಕೋ

ಶಿವಗಂಗಾ ಮೇಡಂ ಯಾರ ಮನೆಗೆ ಹೋದರೂ ಕೂಡುವ ಮೊದಲು ಪಡುವಣ ಗೋಡೆಯ ಹತ್ತಿರ ಹೋಗಿ, ಅಂಗೈಯ ಹಿಂಬದಿಯನ್ನು ಅದಕ್ಕೆ ಒತ್ತಿ ನಿಲ್ಲುತ್ತಿದ್ದರು. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಮನೆಯವರು ನೀರಿನ ತಂಬಿಗೆ ಹಿಡಿದುಕೊಂಡು ಕಾಯುತ್ತಿರುತ್ತಿದ್ದರು. "ಈ ಗ್ವಾಡಿಗೆ ಜ್ವರ ಬಂದಾವ ನೋಡ್ರಿ," ಎಂದು ಹೇಳಿಯೇ ಮೇಡಂ ನೀರು ಕುಡಿಯುತ್ತಿದ್ದುದು. ಸಿಂಧನೂರಿನ ಬೇಸಿಗೆಯಲ್ಲಿ ಸಂಜೆ ಹೊತ್ತು ಜ್ವರವಿಲ್ಲದ ಗೋಡೆ ಸಿಗುವುದೇ ಕಷ್ಟ. ಹಾಗಾಗಿ ಹೋದ ಕಡೆಯಲ್ಲೆಲ್ಲ ಅದೇ ಮಾತು, ಕೇಳಿದವರ ಮುಖ ಪೆಚ್ಚು. ಒಮ್ಮೆ ಗೃಹಪ್ರವೇಶದ ಊಟಕ್ಕೆ ಕರೆದವರ ಮನೆಯಲ್ಲೂ ಹೀಗೇ ಮಾಡಿದರು. ಹೋಳಿಗೆ ಬಡಿಸುತ್ತಿದ್ದ ಮನೆಯೊಡತಿ ಆಮೇಲೆ ನಮ್ಮ ಸಾಲಿನ ಕಡೆ ಬರಲೇ ಇಲ್ಲ.

ಮೇಡಂ ಸಿವಿಲ್ ಇಂಜಿನಿಯರು. ತುರ್ವಿಹಾಳದ ಹೊಲಮನೆ ಉಳ್ಳವರ ಪೈಕಿ. ಅಣ್ಣಂದಿರು ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು, ಇವರು ಓದಿ ಬಂದು ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಆಫೀಸು ಮಾಡಿದ್ದರು. ಡಿಪ್ಲೊಮಾ ಮುಗಿಸಿದ ನಾನು ಅಲ್ಲಿ ನಕ್ಷೆ ತೆಗೆಯುವ ಕೆಲಸಕ್ಕೆ ಸೇರಿದೆ. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿ ಬರುವುದು. ನನ್ನ ಹೆಸರು ಸುಜಾತಾ. ಮೊದಲ ವಾರದಲ್ಲೇ ಅದು ಸುಜ್ಜಿ ಆಯಿತು. ಮೇಡಂಗೆ ಹೆಸರಿನಲ್ಲೂ ಹೆಚ್ಚಿನ ಅಕ್ಷರ ಇರಬಾರದು, ಅಷ್ಟು ಉಳಿತಾಯದ ಮನುಷ್ಯರು.

ಅವರ ಬಾಯಲ್ಲಿ ಸದಾ ಇದ್ದ ಪ್ರಶ್ನೆ ಒಂದೇ: "ಜರೂರತ್ತೋ ದಿಮಾಕೋ?" ಜರೂರತ್ತು ಅಂದರೆ ಬೇಕೇಬೇಕಾದದ್ದು, ದಿಮಾಕು ಅಂದರೆ ಠೇಂಕಾರ. ನಮ್ಮ ಕಡೆ ಇವೆರಡೂ ಉರ್ದುವಿನಿಂದ ಬಂದವು ಎಂದು ಯಾರಿಗೂ ಅನ್ನಿಸುವುದಿಲ್ಲ, ಅಷ್ಟು ನಮ್ಮವಾಗಿವೆ. ಗಿರಾಕಿ ಮನೆಯ ಮುಂದೆ ನಾಲ್ಕು ಕಂಬ ಬೇಕು ಅಂದರೆ ಮೇಡಂ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು, ಜರೂರತ್ತೋ ದಿಮಾಕೋ. ನಾನು ಹೊಸ ಬ್ಯಾಗು ಹಾಕಿಕೊಂಡು ಬಂದ ದಿನ ನನಗೂ ಅದೇ ಪ್ರಶ್ನೆ. ಹಳೆಯದರ ಜಿಪ್ಪು ಹೋಗಿದೆ ಎಂದು ತೋರಿಸಿದ ಮೇಲೇ ಬಿಟ್ಟರು.

ಆ ಯಂತ್ರವನ್ನು ಮೇಡಂ ತಂದದ್ದು ಹೈದರಾಬಾದಿನಲ್ಲಿ ಕಟ್ಟಡ ಸಾಮಾನಿನ ಪ್ರದರ್ಶನವೊಂದಕ್ಕೆ ಹೋಗಿ ಬಂದ ಮೇಲೆ. ವಿಆರ್ ಹೆಡ್‌ಸೆಟ್ಟು. ಕಣ್ಣಿಗೆ ಕಟ್ಟಿಕೊಂಡರೆ ಇನ್ನೂ ಪಾಯ ತೋಡದ ಮನೆಯೊಳಗೆ ನಿಂತ ಹಾಗಾಗುತ್ತದೆ. ಪಕ್ಕಕ್ಕೆ ತಿರುಗಿದರೆ ಅಡುಗೆಮನೆ, ತಲೆ ಎತ್ತಿದರೆ ಛತ್ತು. ಗಿರಾಕಿಗಳು ಅದನ್ನು ಕಣ್ಣಪಟ್ಟಿ ಅಂದರು, ನಾವೂ ಹಾಗೇ ಅನ್ನತೊಡಗಿದೆವು. ಅದನ್ನು ಕಟ್ಟಿದರೆ ಹಣೆಯ ವಿಭೂತಿ ಕುಂಕುಮ ಅಳಿಸಿಹೋಗುತ್ತಿತ್ತು. ಹೊಸ ಮನೆ ಹೊಕ್ಕು ಬರುವಾಗ ಹಣೆ ಬರಿದಾಗುವುದೆಂದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಒಂದೆರಡು ಸಲ ಕಂಪ್ಯೂಟರಿನ ಮುಂದೆಯೇ ಜಗಳವಾದ ಮೇಲೆ ಮೇಡಂ ಟೇಬಲ್ಲಿನ ಮೇಲೆ ವಿಭೂತಿ ಗಟ್ಟಿ, ಕುಂಕುಮದ ಭರಣಿ ಎರಡನ್ನೂ ಇಡಿಸಿದರು.

ಬೇರೆಯವರು ಈ ಯಂತ್ರದಿಂದ ಗಿರಾಕಿಗೆ ಆಸೆ ಹುಟ್ಟಿಸುತ್ತಾರೆ. ಮೇಡಂ ಆಸೆ ಬಿಡಿಸಲು ತಂದಿದ್ದರು. ಗೋಡೆಯ ಕಡೆ ಕೈ ಮಾಡಿ ಗುಂಡಿ ಒತ್ತಿದರೆ ಸಿಮೆಂಟ್ ಬ್ಲಾಕು ಹೋಗಿ ಸುಟ್ಟ ಇಟ್ಟಿಗೆ ಬರುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಬೆರೆಸಿದ ಇಟ್ಟಿಗೆ, ಮತ್ತೊಮ್ಮೆ ಒತ್ತಿದರೆ ಲಿಂಗಸುಗೂರು ಕಡೆಯ ಕಲ್ಲು. ಪಕ್ಕದಲ್ಲಿ ಗಾಳಿಯಲ್ಲೇ ನಿಂತ ಒಂದು ಹಲಗೆಯ ಮೇಲೆ ಆಗಿಂದಾಗಲೇ ಲೆಕ್ಕ ಬದಲಾಗುತ್ತಿತ್ತು: ಕಟ್ಟುವಾಗಿನ ಖರ್ಚು, ಆಮೇಲೆ ವರ್ಷವೂ ಬರುವ ಕರೆಂಟಿನ ಖರ್ಚು, ಹೋದ ಸಿಮೆಂಟು, ಹೋದ ಉಸುಕು. ಸೂರ್ಯನನ್ನು ಕೂಡ ಸರಿಸಬಹುದಿತ್ತು. "ಸುಜ್ಜಿ, ಮೇ ತಿಂಗಳು ಹಚ್ಚು," ಅನ್ನುತ್ತಿದ್ದರು ಮೇಡಂ. ನಾನು ಹಚ್ಚುತ್ತಿದ್ದೆ. ಗಿರಾಕಿಯ ಸುತ್ತ ಗೋಡೆಗಳು ಒಂದೊಂದಾಗಿ ಕೆಂಪಗಾಗುತ್ತಿದ್ದವು. ಫ್ಯಾನಿನ ಕೆಳಗೆ ಕುಳಿತ ಮನುಷ್ಯ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ಹೊಳ್ಯಾಗಿನ ಉಸುಕೆಲ್ಲಾ ಬಳದು ಮನಿ ಕಟ್ತೀರಿ," ಎಂದು ಆಗ ಮೇಡಂ ಅವನ ಕಿವಿಯ ಹತ್ತಿರ ಹೇಳುತ್ತಿದ್ದರು. "ಆಮ್ಯಾಲ ಅದನ್ನ ತಣ್ಣಗ ಮಾಡಾಕ ಮಷೀನು ತರ್ತೀರಿ. ಎರಡು ಸಲ ರೊಕ್ಕ, ಎರಡು ಸಲ ಪಾಪ. ಯಾಕ ಬೇಕ್ರಿ?"

ತೋರಿಕೆಗಷ್ಟೇ ಇರುವ ಭಾಗಗಳಿಗೆ ಹಳದಿ ಬಣ್ಣ ಹಚ್ಚಬೇಕೆಂಬುದು ಅವರದೇ ಉಪಾಯ. ನೆರಳಿಗಾಗಲಿ ಗಾಳಿಗಾಗಲಿ ಭಾರ ಹೊರುವುದಕ್ಕಾಗಲಿ ಬಾರದ ಕಂಬ, ಕಮಾನು, ಗಾಜು ಎಲ್ಲವೂ ಒಂದು ಗುಂಡಿ ಒತ್ತಿದರೆ ಹಳದಿಯಾಗುತ್ತಿದ್ದವು. ತನ್ನ ದುಡ್ಡು ಎಲ್ಲಿ ಸುಮ್ಮನೆ ಹೋಗುತ್ತಿದೆ ಎಂದು ಗಿರಾಕಿ ಸ್ವತಃ ತಿರುಗಾಡಿ ನೋಡಲಿ ಎಂದು. ಉಪಾಯ ಚೆನ್ನಾಗಿಯೇ ಇತ್ತು, ಬಣ್ಣ ಮಾತ್ರ ಕೈಕೊಟ್ಟಿತು. ಅಕ್ಕಿ ಗಿರಣಿಯ ಅಮರೇಶಪ್ಪನವರು ಹೆಂಡತಿಯನ್ನು ಕರೆದುಕೊಂಡು ಬಂದ ದಿನ ಅದು ಗೊತ್ತಾಯಿತು. ಅವರು ಕೇಳಿದ್ದ ಮನೆ ಮುಂಭಾಗ ಪೂರಾ ಗಾಜು, ಮೇಲೊಂದು ಕಿರೀಟ. ಮೇಡಂ ಗುಂಡಿ ಒತ್ತಿಸಿದರು. ಕಣ್ಣಪಟ್ಟಿ ಕಟ್ಟಿಕೊಂಡಿದ್ದ ಅಮ್ಮ ಎರಡೂ ಕೈ ಜೋಡಿಸಿದರು.

"ಅಯ್ಯ ಇವ್ರ, ಏನು ಚಂದ ಅರಿಶಿಣ ಹಚ್ಯಾರ್ರಿ! ಮದಿವಿ ಮನಿ ಆಗೇತಿ. ಹಿತ್ತಲಾಗ ಯಾಕ ಬಿಟ್ಟಾರ? ಅಲ್ಲೂ ಹಚ್ಚಾಕ ಹೇಳ್ರಿ."

ಮೇಡಂ ಮುಖ ನೋಡಬೇಕಿತ್ತು. ಅದು ಅರಿಶಿಣವಲ್ಲ, ದಿಮಾಕು ಎಂದು ಅಮರೇಶಪ್ಪನವರಿಗೆ ತಿಳಿಸಿ ಹೇಳುವಷ್ಟರಲ್ಲಿ ಮೇಡಂಗೆ ಸಾಕಾಗಿಹೋಯಿತು. ಅಮರೇಶಪ್ಪನವರು ಮೀಸೆಯ ಮೇಲೆ ಕೈಯಾಡಿಸಿದರು. ಆಮೇಲೆ, "ಹಂಗಾರ ಅರ್ಧ ತಗೀರಿ ಮೇಡಂ. ಅರ್ಧ ದಿಮಾಕು ಇರ್ಲಿ, ಬೀಗರು ಬರ್ತಾರ," ಎಂದರು. ಗಾಜು ಹೋಯಿತು, ಕಿರೀಟ ಉಳಿಯಿತು. ಬಣ್ಣ ಬದಲಿಸೋಣವೇ ಎಂದು ನಾನು ಕೇಳಿದೆ. ಮೇಡಂ ಹಟದವರು. "ಮಂದಿ ತಿಳ್ಕೋಬೇಕು, ಬಣ್ಣ ಯಾಕ ಬದಲಾಗ್ಬೇಕು?" ಎಂದರು.

ಹಾಗೆಂದು ಆ ಯಂತ್ರದ ಮುಂದೆ ಅವರು ಎಡವಲೇ ಇಲ್ಲವೆಂದಲ್ಲ. ಇಲ್ಲದ ಗೋಡೆಗೆ ಒರಗಬೇಡಿ, ಇಲ್ಲದ ಮೆಟ್ಟಿಲು ಇಳಿಯಬೇಡಿ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವರು ಒಂದು ದಿನ ದಢೇಸುಗೂರಿನವರ ಮನೆಯ ಮಾದರಿಯೊಳಗೆ ಮೈಮರೆತು ನಿಂತಿದ್ದರು. ಕಟ್ಟೆ ಎಷ್ಟು ಚೆನ್ನಾಗಿ ಬಂದಿದೆ ಎಂದು ಹೊಗಳುತ್ತ ಕೈಯಲ್ಲಿದ್ದ ಚಹಾದ ಗ್ಲಾಸನ್ನು ಅದರ ಮೇಲೆ ಇಟ್ಟರು. ಗ್ಲಾಸು ನೆಲಕ್ಕೆ ಬಿದ್ದು ಚೂರಾಯಿತು. ಕಣ್ಣಪಟ್ಟಿ ಬಿಚ್ಚಿ ಕೆಳಗೆ ನೋಡಿ, "ಕಟ್ಟಿ ಚೊಲೋ ಐತಿ, ಗ್ಲಾಸೇ ಸರಿ ಇಲ್ಲ," ಎಂದು ಸೆರಗು ಸಿಕ್ಕಿಸಿಕೊಂಡು ತಾವೇ ಚೂರು ಆಯ್ದರು. ನಾನು ನಕ್ಕದ್ದಕ್ಕೆ ಆ ದಿನ ನನ್ನ ನಕ್ಷೆಯಲ್ಲಿ ಹತ್ತು ತಪ್ಪು ಹುಡುಕಿದರು.

ಇಂಥವರ ಹತ್ತಿರ ನಮ್ಮ ಮಂದಿಯ ಕೆಲಸವನ್ನು ತಂದವಳು ನಾನೇ. ಮಸ್ಕಿಯಲ್ಲಿ ನಮ್ಮವು ಬುದ್ಧನನ್ನು ನಂಬಿದ ಮನೆಗಳು. ಮಾಸ್ತರು, ನರ್ಸು, ಬ್ಯಾಂಕಿನ ಗುಮಾಸ್ತರು ಹೀಗೆ ಪಗಾರದ ಮೇಲೆ ಬದುಕುವವರು. ಎಷ್ಟೋ ವರ್ಷ ಮನೆಮನೆಯಿಂದ ವಂತಿಗೆಯ ಪಟ್ಟಿ ಎತ್ತಿ ಲಿಂಗಸುಗೂರಿನ ರಸ್ತೆಗೆ ಹೊಂದಿದ ಜಾಗದಲ್ಲಿ ಒಂದು ವಿಹಾರ ಕಟ್ಟಬೇಕೆಂದು ಮಾಡಿದ್ದರು. ಪ್ರಾರ್ಥನೆಗೆ ಒಂದು ಹಾಲು, ಮಕ್ಕಳು ಓದಿಕೊಳ್ಳಲು ಒಂದು ಖೋಲಿ. ಇದರ ಮುಖಂಡ ನನ್ನ ಅಪ್ಪ. ಸಿಂಧನೂರು-ಲಿಂಗಸುಗೂರು ಬಸ್ಸಿನಲ್ಲಿ ಕಂಡಕ್ಟರನಾಗಿ ನಿವೃತ್ತನಾದವನು. ಊರಿಗೆಲ್ಲ ಅವನು ಕಂಡಕ್ಟರಣ್ಣ. ಅಪ್ಪನಿಗೆ ಬೇರೇನಿಲ್ಲದಿದ್ದರೂ ಗುಮ್ಮಟ ಬೇಕಿತ್ತು, ದೊಡ್ಡದು, ಕಾಂಕ್ರೀಟಿನದು. ಗುಮ್ಮಟ ಕಟ್ಟಿದರೆ ಓದುವ ಖೋಲಿಗೆ ದುಡ್ಡು ಉಳಿಯುತ್ತಿರಲಿಲ್ಲ. ಖೋಲಿಯನ್ನು ಮುಂದೆ ನೋಡೋಣ ಎಂದು ಅಪ್ಪ, ಮುಂದೆ ಎಂದರೆ ಎಂದಿಗೂ ಇಲ್ಲ ಎಂದು ವಿಹಾರ ಕಮಿಟಿಯ ಭೀಮರಾಯ ಮಾಸ್ತರು. ಇಬ್ಬರಿಗೂ ಮಾತು ನಿಂತುಹೋಗುವ ಮಟ್ಟಕ್ಕೆ ಬಂದಿತ್ತು.

ಕಮಿಟಿಯವರು ಆಫೀಸಿಗೆ ಬಂದರು. ಮೇಡಂ ಮೊದಲೇ ಗುಂಡಿ ಒತ್ತಿಸಿ ಇಟ್ಟಿದ್ದರು. ಅಪ್ಪ ಕಣ್ಣಪಟ್ಟಿ ಕಟ್ಟಿಕೊಂಡು ತಲೆ ಎತ್ತಿದ. ಇಡೀ ಗುಮ್ಮಟ ಹಳದಿ. ಅಪ್ಪ ಬಹಳ ಹೊತ್ತು ಹಾಗೇ ನಿಂತ. ಕಣ್ಣಪಟ್ಟಿ ಬಿಚ್ಚಿದಾಗ ಅವನ ಕಣ್ಣು ಒದ್ದೆಯಾಗಿದ್ದವು.

"ಮೇಡಮ್ಮಾರ, ಭಾಳ ಚೊಲೋ ಬಣ್ಣ ಆರಿಸೀರಿ. ಭಿಕ್ಕುಗಳು ಉಡೋ ಚೀವರದ ಬಣ್ಣ. ನಾವು ಹೇಳದಿದ್ರೂ ನಿಮಗ ತಿಳೀತು ನೋಡ್ರಿ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮಾತಿಗೆ ತಡವರಿಸಿದವರಲ್ಲ ಅವರು. ಆ ದಿನ ಬಾಯಿ ತೆರೆದು ಮುಚ್ಚಿದರು. ನಾನು ನೆಲ ನೋಡಿದೆ. ಆದರೆ ಮಾಸ್ತರಿಗೆ ನಮ್ಮ ಆಫೀಸಿನ ಬಣ್ಣದ ಕಥೆ ಗೊತ್ತಿತ್ತು, ನಾನೇ ಯಾವಾಗಲೋ ನಗುತ್ತ ಹೇಳಿದ್ದೆ.

"ಕಂಡಕ್ಟರಣ್ಣ, ಅದು ಚೀವರ ಅಲ್ಲ," ಎಂದರು ಮಾಸ್ತರು. "ಇಲ್ಲಿ ಹಳದಿ ಅಂದ್ರ ದಿಮಾಕು. ಬ್ಯಾಡಾದ ಖರ್ಚು."

ಅಪ್ಪ ನನ್ನ ಕಡೆ ನೋಡಿದ, ಆಮೇಲೆ ಮೇಡಂ ಕಡೆ. ಈಗ ಮೇಡಂ ಹೇಳಲೇಬೇಕಾಯಿತು.

"ಹೌದ್ರಿ. ಕೆಳಗ ಛತ್ತು ಐತಿ, ಅದರ ಮ್ಯಾಲ ಇದು ಟೊಪಿಗಿ ಇಟ್ಟಂಗ ಕುಂತೈತಿ. ನೆರಳು ಕೊಡಂಗಿಲ್ಲ, ಗಾಳಿ ಕೊಡಂಗಿಲ್ಲ, ಬಿಸಲಿಗೆ ಕಾಯ್ತೈತಿ. ಇದರ ರೊಕ್ಕದಾಗ ಹುಡುಗೂರಿಗೆ ಖೋಲಿ ಆಕ್ಕೈತಿ. ನೀವಽ ಹೇಳ್ರಿ, ಜರೂರತ್ತೋ ದಿಮಾಕೋ?"

ಅಪ್ಪ ಸಿಟ್ಟಾಗಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತು ಕೇಳಿದ, "ಮೇಡಮ್ಮಾರ, ತುರ್ವಿಹಾಳದಾಗ ಬಸ್ ಇಳಿದು ನಿಮ್ಮ ಮನಿ ಎಲ್ಲಿ ಅಂದ್ರ ಏನಂತಾರ?"

"ಗೌಡ್ರ ಮನಿ ಅಂತ ಕೈ ಮಾಡಿ ತೋರಿಸ್ತಾರ. ಯಾಕ್ರಿ?"

"ನಮ್ಮ ಕಡೆ ಇಳಿಯೋರಿಗೆ ಏನಂತಾರ ಗೊತ್ತೇನ್ರಿ? ಕೇರಿ. ಕೇರಿ ಇಳಿಯೋರು ಮುಂದ ಬರ್ರಿ. ನಾನಽ ಅಂದೀನ್ರಿ, ನನ್ನ ಬಾಯಿಲೆ, ಸರ್ವಿಸ್ ಮುಗಿಯೂತನಕ. ಬ್ಯಾರೆ ಏನರ ಅಂದ್ರ ಪ್ಯಾಸೆಂಜರಿಗೆ ತಿಳೀತಿರಲಿಲ್ಲ. ಕೈ ಮಾಡಿ ತೋರ್ಸಾಕ ಅಲ್ಲಿ ಬ್ಯಾರೆ ಏನೂ ಇರಲಿಲ್ಲ. ನಮ್ಮ ಹುಡುಗೂರು ಆ ಮಾತು ಕೇಳಿ ಏಳಂಗಿಲ್ರಿ. ಮುಂದಿನ ಸ್ಟಾಪಿನಾಗ ಇಳಿದು ಬಿಸಲಾಗ ಹಿಂದಕ್ಕ ನಡಕೊಂಡು ಬರ್ತಾವ. ಓದೋ ಖೋಲಿ ಕಟ್ಟಿದ್ರೂ ಅವು ಅಲ್ಲೇ ಇಳೀಬೇಕಲ್ರಿ? ಬಸ್ಸಿನಾಗ ಕುಂತವರಿಗೆ ಕಾಣೂವಂಥಾದ್ದು ಒಂದು ಬೇಕು. ನಿಮ್ಮ ಪಾಲಿಗೆ ಅದು ದಿಮಾಕು ಇರಬಹುದು. ನಮ್ಮ ಪಾಲಿಗೆ ದಿಮಾಕಽ ಜರೂರತ್ತರೀ."

ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದವರಲ್ಲಿ ನಾನೂ ಒಬ್ಬಳು. ಅದು ಅಪ್ಪನಿಗೆ ಗೊತ್ತಿತ್ತೆಂದು ನನಗೆ ತಿಳಿದದ್ದು ಆ ದಿನ. ಮೇಡಂ ಎಲ್ಲರಿಗೂ ಚಹಾ ತರಿಸಿದರು, ತಾವು ಹೇಳಿಕಳಿಸಿದಾಗ ಬರಲು ಹೇಳಿದರು.

ಮರುದಿನ ನಾನು ಆಫೀಸಿಗೆ ಹೋದಾಗ ಅವರು ಆಗಲೇ ಬಂದು ಕುಳಿತಿದ್ದರು. "ಸುಜ್ಜಿ, ರಸ್ತಾ ತಯಾರು ಮಾಡು," ಎಂದರು. ವಿಹಾರದ ಜಾಗದ ಎರಡೂ ಬದಿಯ ಅಂಗಡಿ, ಟೈರಿನ ಶೆಡ್ಡು, ಬೇವಿನ ಮರ, ವಿದ್ಯುತ್ ಕಂಬ ಎಲ್ಲವನ್ನೂ ಇದ್ದ ಹಾಗೇ ಮಾದರಿಯಲ್ಲಿ ಕೂಡಿಸಲು ಹೇಳಿದರು. ಅದಕ್ಕೆ ಒಂದು ವಾರ ಹಿಡಿಯಿತು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯನ್ನು ಮೇಜಿನ ಮೇಲೇರಿಸಿ, ಬಸ್ಸಿನ ಸೀಟು ಇಷ್ಟು ಎತ್ತರ ಇರುತ್ತದೆ ಎಂದು ಅಳೆದು, ಕಣ್ಣಪಟ್ಟಿ ಕಟ್ಟಿಕೊಂಡು ಅದರಲ್ಲಿ ಕುಳಿತರು. ಎತ್ತರವನ್ನು ಕಂಪ್ಯೂಟರಿನಲ್ಲೇ ಹೆಚ್ಚಿಸಬಹುದು ಎಂದು ಹೇಳಿದೆ, ಕೇಳಲಿಲ್ಲ. ಬೀಳದಂತೆ ಒಂದು ಕೈಯಲ್ಲಿ ಕುರ್ಚಿ ಹಿಡಿದು ಇನ್ನೊಂದು ಕೈಯಲ್ಲಿ ರಸ್ತೆಯನ್ನು ಓಡಿಸಿದೆ. ಮೊದಲ ಸಲ ಗುಮ್ಮಟವಿಲ್ಲದ, ನಮ್ಮ ಲೆಕ್ಕಕ್ಕೆ ಸರಿಹೊಂದಿದ ಕಟ್ಟಡ.

"ಎಲ್ಲೈತಿ?" ಎಂದು ಕೇಳಿದರು.

"ದಾಟಿ ಹೋತ್ರಿ ಮೇಡಂ."

"ಹೋತಾ? ನನಗ ಕಾಣಲೇ ಇಲ್ಲಲ್ಲ."

ಇನ್ನೊಮ್ಮೆ ಓಡಿಸಿದೆ. ಟೈರಿನ ಶೆಡ್ಡಿನ ಹಿಂದೆ ಅದು ಮತ್ತೆ ಹಾಗೇ ಹೋಯಿತು. ಮೂರನೆಯ ಸಲ ಅಪ್ಪನ ಗುಮ್ಮಟವನ್ನು ಇಟ್ಟು ಓಡಿಸಿದೆ. ಅಂಗಡಿಗಳ ತಗಡಿನ ಮೇಲೆ ಅದು ದೂರದಿಂದಲೇ ಎದ್ದು ಬಂತು. "ನಿಲ್ಸು," ಎಂದರು ಮೇಡಂ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಕುರ್ಚಿ ಹಿಡಿದ ನನ್ನ ಕೈ ಸೋತಿತ್ತು.

"ಸುಜ್ಜಿ, ಗುಮ್ಮಟದ ಅರಿಶಿಣ ಒರಸು."

ಅದು ಹಳದಿ ಎಂದೇ ಹಟ ಹಿಡಿದಿದ್ದವರ ಬಾಯಲ್ಲಿ ನಾನು ಅರಿಶಿಣ ಎಂದು ಕೇಳಿದ್ದು ಅದೊಂದೇ ಸಲ. ಒರೆಸಿದೆ.

ಬಣ್ಣ ಒರೆಸಿದ ಮಾತ್ರಕ್ಕೆ ಖರ್ಚು ಇಳಿಯುವುದಿಲ್ಲವಲ್ಲ. ಮುಂದೆ ಒಂದು ತಿಂಗಳು ನಾವಿಬ್ಬರೂ ಆ ಕಟ್ಟಡದೊಳಗೇ ವಾಸ ಮಾಡಿದೆವು ಅನ್ನಬೇಕು. ಛತ್ತಿನ ಮೇಲೆ ಗುಮ್ಮಟ ಕೂಡಿಸುವುದರ ಬದಲು ಗುಮ್ಮಟವನ್ನೇ ಛತ್ತು ಮಾಡಿದರು ಮೇಡಂ. ಹೊಟ್ಟಿನ ಬೂದಿಯ ಇಟ್ಟಿಗೆಯಲ್ಲಿ ಕಟ್ಟುವುದು. ಬುಡದ ಸುತ್ತ ಬಿಗಿಯುವ ಒಂದು ಪಟ್ಟಿಗಷ್ಟೇ ಕಬ್ಬಿಣ, ನಡುವೆ ಸ್ಲ್ಯಾಬು ಇಲ್ಲ. ನೆತ್ತಿಯಲ್ಲಿ ಬೆಳಕಿಂಡಿ, ಬಿಸಿಗಾಳಿ ಹೊರಗೆ ಹೋಗಲು. ಮೇ ತಿಂಗಳು ಹಚ್ಚಿ ನೋಡಿದೆವು, ಒಳಗೆ ಕೆಂಪು ಏರಲಿಲ್ಲ. ನೆಲಕ್ಕೆ ಗ್ರಾನೈಟು ಹೋಗಿ ಫರಸಿ ಕಲ್ಲು ಬಂತು, ಹೆಬ್ಬಾಗಿಲಿನ ಕಮಾನು ಹೋಯಿತು. ಹಾಲಿನ ಬದಿಗೆ ಕಲ್ಲಿನ ಗೋಡೆಯ ಓದುವ ಖೋಲಿ ಸೇರಿತು. ಹಲಗೆಯ ಮೇಲಿನ ಲೆಕ್ಕ ನಮ್ಮವರು ಎತ್ತಿದ ಪಟ್ಟಿಯೊಳಗೆ ಹಿಡಿಯಿತು. ಪ್ರತಿ ಸಲ ಏನಾದರೂ ಬದಲಿಸಿದಾಗ ಮೇಡಂ ಮತ್ತೆ ಮೇಜು ಹತ್ತಿ ಬಸ್ಸಿನ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. "ಇನ್ನೊಂದು ಮೊಳ ಏರ್ಸು" ಎಂದು ಅವರು ಅಂದಾಗ ನನಗೆ ಕಿವಿ ನಂಬಲಾಗಲಿಲ್ಲ. ಯಾರ ಮನೆಯನ್ನೂ ಗೇಣು ಏರಿಸಲು ಬಿಟ್ಟವರಲ್ಲ ಅವರು.

ಕಮಿಟಿಯವರು ಮತ್ತೆ ಬಂದು ನೋಡಿದರು. ಅಪ್ಪ ಕಮಾನಿಗಾಗಿ ಸ್ವಲ್ಪ ಕೊಸರಾಡಿದ. ಮಾಸ್ತರು ಖೋಲಿಯೊಳಗೆ ನಿಂತು, ಕಪಾಟು ಎಲ್ಲಿ ಬರುತ್ತದೆ ಎಂದು ಗಾಳಿಯಲ್ಲಿ ಕೈ ಅಳೆಯುತ್ತಿದ್ದರು. ಇಬ್ಬರೂ ಹೋಗುವಾಗ ಒಂದೇ ಬೈಕಿನಲ್ಲಿ ಹೋದರು.

ನಾನು ಮೇಡಂ ಅವರನ್ನು ಕೊನೆಯ ಸಲ ನೋಡಿದ್ದು ಆ ಗುಮ್ಮಟದ ಕೆಳಗೇ. ಗೌಂಡಿಗಳು ಕೆಲಸ ಮುಗಿಸಿ ಹಲಗೆ ಬಿಚ್ಚುತ್ತಿದ್ದರು. ಮೈಯಲ್ಲಿ ಹುಷಾರಿಲ್ಲವೆಂದು ಎರಡು ದಿನ ಆಫೀಸಿಗೆ ಬಾರದವರು ಅಣ್ಣನ ಮಗನ ಕಾರಿನಲ್ಲಿ ಮಸ್ಕಿಗೆ ಬಂದಿದ್ದರು. ಅಪ್ಪನ ಹತ್ತಿರ ಅಂದೂ ಒಂದು ಜಗಳ. ಅವನಿಗೆ ಗುಮ್ಮಟಕ್ಕೆ ಬಂಗಾರದ ಬಣ್ಣ ಬೇಕಂತೆ, ಇವರಿಗೆ ಸುಣ್ಣ.

"ಸುಣ್ಣ ಹಚ್ರಿ ಕಂಡಕ್ಟರಣ್ಣಾರ. ಬಿಸಲು ಹಿಂದಕ್ಕ ಹೊಡೀತೈತಿ, ಒಳಗ ತಣ್ಣಗಿರ್ತೈತಿ. ಬಿಳಿ ಇನ್ನೂ ದೂರಕ್ಕ ಕಾಣ್ತೈತಿ."

"ದೂರಕ್ಕ ಕಾಣ್ತೈತೇನ್ರಿ?"

"ನಿಮ್ಮ ಬಸ್ಸಿನಾಗ ಕುಂತು ನೋಡೀನ್ರಿ ನಾನು."

ಅಪ್ಪ ಸುಣ್ಣಕ್ಕೆ ಒಪ್ಪಿದ. ಮೇಡಂ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ ಊಟ ಮಾಡಿದರು. ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ಹೊರಡುವಾಗ ಕಾರಿನ ಕಿಟಕಿಯಿಂದ ನನ್ನನ್ನು ಕರೆದು, "ಒಂದು ಮಾತು ಹೇಳ್ತೀನಿ, ನಿಮ್ಮಪ್ಪಗ ಹೇಳಬ್ಯಾಡ. ನನಗ ಗುಮ್ಮಟ ಅಂದ್ರ ಇವತ್ತಿಗೂ ಸೇರಂಗಿಲ್ಲ. ಆದ್ರ ಇದು ಜರೂರತ್ತಿತ್ತು," ಎಂದರು. ನಾನು ನಕ್ಕೆ. ಅವರೂ ನಕ್ಕರು.

ಎದೆನೋವು ಎಂದು ಆಸ್ಪತ್ರೆಗೆ ಸೇರಿಸಿದ್ದು, ಆಮೇಲೆ ಅರ್ಧ ದಿನವೂ ಉಳಿಯದ್ದು, ಎಲ್ಲ ಅದರ ಮುಂದಿನ ವಾರದಲ್ಲೇ ಆಗಿಹೋಯಿತು. ತುರ್ವಿಹಾಳದಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ಅಪ್ಪ, ಮಾಸ್ತರು, ನಾನು ಹೋಗಿದ್ದೆವು. ಅಮರೇಶಪ್ಪನವರು ಹೆಂಡತಿಯ ಜೊತೆ ಬಂದಿದ್ದರು. ಆ ಅಮ್ಮ ನನ್ನ ಕೈ ಹಿಡಿದುಕೊಂಡು ಬಹಳ ಅತ್ತರು. ನನಗೆ ಅಳು ಬಂದದ್ದು ಮಾತ್ರ ಮರುದಿನ, ಬೀಗ ಹಾಕಿದ ಆಫೀಸಿನ ಮೆಟ್ಟಿಲ ಮೇಲೆ.

ವಿಹಾರ ತೆರೆದು ಈಗ ಕೆಲವು ತಿಂಗಳಾದವು. ರಸ್ತೆಯ ಕಡೆಗೆ ಅಪ್ಪ ದೊಡ್ಡ ಅಕ್ಷರದಲ್ಲಿ ಬುದ್ಧವಿಹಾರ ಎಂದು ಬರೆಸಿದ್ದಾನೆ. ನಾನು ಲಿಂಗಸುಗೂರಿನಲ್ಲಿ ಬೇರೊಬ್ಬ ಇಂಜಿನಿಯರರ ಹತ್ತಿರ ಕೆಲಸಕ್ಕೆ ಸೇರಿದೆ. ಮೊನ್ನೆ ಏನೋ ಕೆಲಸವಿದ್ದು ಸಿಂಧನೂರಿಗೆ ಹೋಗಿ ತಿರುಗಿ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರು ಹೊಸ ಹುಡುಗ, ಈ ಕಡೆಯವನಲ್ಲ. ಮಾತಿನಲ್ಲಿ ತೆಲುಗು ಬೆರೆತಿತ್ತು. ಬಸ್ಸು ನಿಧಾನವಾಗುತ್ತಲೇ ಅವನು ಬಾಗಿಲಿಗೆ ನೇತುಬಿದ್ದು ಕೂಗಿದ: "ಗುಮ್ಮಟ! ಗುಮ್ಮಟ ಇಳಿಯೋರು ಮುಂದ ಬರ್ರಿ!" ಹಿಂದಿನ ಸೀಟಿನಿಂದ ಯೂನಿಫಾರ್ಮಿನ ಹುಡುಗಿಯರಿಬ್ಬರು ಎದ್ದು ಮುಂದೆ ಹೋದರು. ಅವರ ಹಿಂದೆ ನಾನೂ ಇಳಿದೆ.

ಅಪ್ಪ ಓದುವ ಖೋಲಿಯ ಮುಂದೆ ಕುಳಿತು ಪೇಪರು ನೋಡುತ್ತಿದ್ದ. ಹೇಳಿದೆ. ಪೇಪರು ಕೆಳಗಿಟ್ಟ.

"ಏನಂದ? ಇನ್ನೊಮ್ಮೆ ಅನ್ನು."

"ಗುಮ್ಮಟ ಅಂದ. ಗುಮ್ಮಟ ಇಳಿಯೋರು ಮುಂದ ಬರ್ರಿ ಅಂದ."

"ವಿಹಾರ ಅನ್ಲಿಲ್ಲೇನು?"

"ಇಲ್ಲ. ಗುಮ್ಮಟ."

ಅಪ್ಪ ತನ್ನಷ್ಟಕ್ಕೆ ತಾನೇ ಒಮ್ಮೆ ಸಣ್ಣಗೆ ಅಂದು ನೋಡಿದ, ಬಸ್ಸಿನಲ್ಲಿ ಕೂಗುತ್ತಿದ್ದ ಹಳೆಯ ರಾಗದಲ್ಲೇ. ಆಮೇಲೆ ಎದ್ದು ನಿಂತ. "ಅಲ್ಲಬೇ, ಮೊದಲ ಮೇಡಮ್ಮಾರಿಗೆ ಫೋನ್ ಹಚ್ಚು. ಅವರಿಗೆ ಹೇಳೂಣು," ಎಂದ. ನಾನು ಬ್ಯಾಗಿನಿಂದ ಫೋನು ತೆಗೆದೆ. ಹೆಸರು ಹುಡುಕಿ ಒತ್ತುವವರೆಗೂ ನಮ್ಮಿಬ್ಬರಿಗೂ ನೆನಪಾಗಲಿಲ್ಲ.